ಮೇ ಗಾಳಿಗೆ ಒಳಗೆ, ಹಸ್ತಿ ಮಳೆಗೆ ಹೊರಗೆ: ದನ, ನಾಯಿ, ಬೆಕ್ಕು ಇರುವ ಮನೆಯ ತಯಾರಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಕಾಗಿಣಾ ನದಿ ಅರ್ಧ ಕಿಲೋಮೀಟರ್ ದೂರ. ಕಲ್ಲು ಮಣ್ಣಿನ ಗೋಡೆಯ ಹಳೆಯ ಮೇಲ್ಮುದ್ದಿ (ಮಣ್ಣಿನ ಚಾವಣಿಯ) ಮನೆ, ಹಿತ್ತಲಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ತಗಡಿನ ಶೆಡ್. ಒಂದು ದೇವಣಿ ಆಕಳು, ಅದರ ಕರು, ನಾಲ್ಕು ಆಡು, ಒಂದು ನಾಯಿ, ಒಂದು ಬೆಕ್ಕು ಇವೆ. ಹೋದ ಮೇ ತಿಂಗಳ ಗಾಳಿಗೆ ಮೇಲಿಟ್ಟ ಕಲ್ಲು ಸಮೇತ ತಗಡು ಕಿತ್ತುಹೋಯಿತು. ಗಡಿಬಿಡಿಯಲ್ಲಿ ಆಕಳನ್ನು ಬೇವಿನ ಮರಕ್ಕೆ ಕಟ್ಟಿದೆವು. ನಾಯಿ ಸರಪಳಿ ಹರಿದುಕೊಂಡು ಓಡಿ ಎರಡು ದಿನ ಸಿಗಲಿಲ್ಲ. ಈ ಸಲ ಮುಂಚೆಯೇ ಏನೇನು ಮಾಡಿಕೊಳ್ಳಬೇಕು, ಡಾಕ್ಟರ್ ಸಾಹೇಬರೇ? ಕೈಯಲ್ಲಿ ರೊಕ್ಕ ಕಡಿಮೆ ಇದೆ.

ಉತ್ತರ: ರೊಕ್ಕ ಬೇಡದ ಎರಡು ಕೆಲಸ ಇವೆ, ಅವನ್ನು ಇವತ್ತೇ ಮಾಡಿ. ಹೊಸದಾಗಿ ಹಾಕಿದ ತಗಡಿನ ಮೇಲೂ ಕಲ್ಲು ಹೇರಿದ್ದರೆ ಇಳಿಸಿ. ಬೇವಿನ ಬುಡದ ಗೂಟ ಕಿತ್ತುಹಾಕಿ.

ಉಳಿದದ್ದನ್ನು ಹೇಳುವ ಮುಂಚೆ ಒಂದು ಮಾತು. ನಮ್ಮ ಕಡೆ ಬಿರುಸಿನ ಹವಾ ಎಂದರೆ ಎರಡು ಬೇರೆ ಬೇರೆ ಸಂಗತಿ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ, ಮಧ್ಯಾಹ್ನ ಮೂರರ ಮೇಲೆ ಕಪ್ಪಗೆ ಕವಿದು ಅರ್ಧ ತಾಸು, ಮುಕ್ಕಾಲು ತಾಸು ಹೊಡೆದು ಹೋಗುವುದು ಒಂದು: ಗಾಳಿ, ಸಿಡಿಲು, ಆಣೆಕಲ್ಲು. ಉತ್ತರಿ, ಹಸ್ತಿ, ಚಿತ್ತಿ ಮಳೆಗಳಲ್ಲಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಬಂದು ಎರಡು ಮೂರು ದಿನ ಬಿಡದೆ ಸುರಿಯುವುದು ಇನ್ನೊಂದು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಯಿತು. ಭೀಮಾ ದಂಡೆಯ ಊರುಗಳು ಮುಳುಗಿದ್ದು ಆಗಲೇ. ಮೊದಲನೆಯದಕ್ಕೆ ಪ್ರಾಣಿಗಳು ಗಟ್ಟಿ ಗೋಡೆಯ ಒಳಗಿರಬೇಕು. ಎರಡನೆಯದಕ್ಕೆ ಕಟ್ಟು ಬಿಚ್ಚಿ ಎತ್ತರಕ್ಕೆ ಹೊರಡಬೇಕು. ಒಂದರಲ್ಲಿ ಜೀವ ಉಳಿಸುವ ಕೆಲಸ ಇನ್ನೊಂದರಲ್ಲಿ ಕೊಲ್ಲುತ್ತದೆ. ಜನ ತಪ್ಪುವುದು ಹೆಚ್ಚಾಗಿ ಇಲ್ಲೇ.

ಶೆಡ್ಡಿನಿಂದ ಶುರು ಮಾಡೋಣ. ಗಾಳಿ ತಗಡನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ತಾಸಿಗೆ 60 ಕಿಲೋಮೀಟರ್ ಗಾಳಿಗೆ ಪ್ರತಿ ಚದರ ಮೀಟರಿಗೆ ಸುಮಾರು 17 ಕೆಜಿಯಷ್ಟು ಎಳೆತ ಹಿಡಿಯಿರಿ. ನಿಮ್ಮ ಚಾವಣಿ 11 ಚದರ ಮೀಟರ್, ಅಂದರೆ 190 ಕೆಜಿ. ಅರ್ಧ ಮಿಲಿಮೀಟರ್ ದಪ್ಪದ ತಗಡು ಒಟ್ಟು 50 ಕೆಜಿ ಇರಬಹುದು. ಹತ್ತತ್ತು ಕೆಜಿಯ ಎಂಟು ಕಲ್ಲು ಇಟ್ಟರೂ 130 ಆಯಿತು, ಇನ್ನೂ 60 ಸಾಲದು. ಗಾಳಿ 90ಕ್ಕೆ ಏರಿದರೆ ಎಳೆತ 425 ಕೆಜಿ ದಾಟುತ್ತದೆ. ವೇಗ ಒಂದೂವರೆ ಪಟ್ಟಾದರೆ ಎಳೆತ ಎರಡೂಕಾಲು ಪಟ್ಟು. ಮೇಲಾಗಿ ತಗಡು ಮೊದಲು ಏಳುವುದು ಅಂಚಿನಲ್ಲಿ, ಕಲ್ಲು ಇರುವುದು ನಡುವೆ. ಅಂಚು ಎದ್ದ ಕೂಡಲೇ ಆ ಕಲ್ಲು ಉರುಳಿ ಬೀಳುವುದು ಆಕಳ ಬೆನ್ನ ಮೇಲೆ.

ಹಿಡಿದಿಡಬೇಕಾದ್ದು ಬೋಲ್ಟು. 8 ಮಿಲಿಮೀಟರ್ ದಪ್ಪದ ಜೆ-ಬೋಲ್ಟನ್ನು ಅಡ್ಡಪಟ್ಟಿಗೆ ಕೊಕ್ಕೆ ಹಾಕಿ, ತಗಡಿನ ಉಬ್ಬಿನ ಮೇಲೆ ತೂತು ತೆಗೆದು, ರಬ್ಬರ್ ವಾಷರ್ ಕೊಟ್ಟು ಬಿಗಿಯಿರಿ. ತಗ್ಗಿನಲ್ಲಿ ತೂತು ಹೊಡೆದರೆ ನೀರು ಅಲ್ಲೇ ಸೋರಿ ತುಕ್ಕು ಹಿಡಿದು ತೂತು ದೊಡ್ಡದಾಗುತ್ತದೆ, ಎರಡನೇ ವರ್ಷ ಬೋಲ್ಟು ಉಳಿದು ತಗಡು ಹೋಗುತ್ತದೆ. ನಾಲ್ಕೂ ಅಂಚಿನಲ್ಲಿ ಬೋಲ್ಟು ಒತ್ತೊತ್ತಾಗಿ ಬರಲಿ, ನಡುವೆ ಸ್ವಲ್ಪ ಬಿಡುವಾದರೂ ನಡೆಯುತ್ತದೆ. ಕೆಳ ಅಂಚಿನ ಉದ್ದಕ್ಕೂ 40 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ತಗಡಿನ ಮೇಲಿಟ್ಟು ಬೋಲ್ಟಿನಿಂದ ಬಿಗಿಸಿದರೆ ಅಂಚು ಏಳುವುದು ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ಕಂಬವನ್ನು ಬರೀ ಮಣ್ಣಿನಲ್ಲಿ ಹೂತಿದ್ದರೆ ಶೆಡ್ಡೇ ಕಂಬ ಸಮೇತ ಏಳುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಂಬದ ಸುತ್ತ ಸಂದಿ ಬಿಟ್ಟಿರುತ್ತದೆ, ಕೈಯಿಂದ ಅಲುಗಾಡಿಸಿ ನೋಡಿ. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿಗೆ ಕಾಂಕ್ರೀಟ್ ಹಾಕಿದರೆ ಒಂದೊಂದು ಬುಡ 380 ಕೆಜಿ ತೂಗುತ್ತದೆ, ನಾಲ್ಕು ಕಂಬಕ್ಕೆ 1,500 ಕೆಜಿ. 425ರ ಎಳೆತಕ್ಕೆ ಧಾರಾಳ. ಈ ವರ್ಷ ಕಾಂಕ್ರೀಟಿಗೆ ರೊಕ್ಕ ಇಲ್ಲದಿದ್ದರೆ ಎರಡು ಅಡಿ ಆಳಕ್ಕೆ ದೊಡ್ಡ ಕಲ್ಲು ಹೂತು, ಅದಕ್ಕೆ ಕಟ್ಟಿದ ದಪ್ಪ ನೈಲಾನ್ ಹಗ್ಗವನ್ನು ಚಾವಣಿಯ ಮೇಲಿಂದ ಎರಡು ಕಡೆ ಹಾಯಿಸಿ ಬಿಗಿಯಿರಿ. ಹಗ್ಗ ಬಿಸಿಲಿಗೆ ಸುಡುತ್ತದೆ, ಪ್ರತಿ ಏಪ್ರಿಲಿನಲ್ಲಿ ಬದಲಿಸಿ.

ಇನ್ನೊಂದು: ಬಿಸಿಲಿಗೆ ಅಡ್ಡ ಕಟ್ಟಿದ ತಾಡಪತ್ರಿ. ಗಾಳಿ ನುಗ್ಗುವ ಮಗ್ಗುಲು ತೆರೆದು ಎದುರಿನ ಮಗ್ಗುಲು ಮುಚ್ಚಿದ್ದರೆ ಶೆಡ್ ಪುಗ್ಗೆಯಂತೆ ಉಬ್ಬಿ ತಗಡು ಇನ್ನೂ ಬೇಗ ಕೀಳುತ್ತದೆ. ಮೋಡ ಕಟ್ಟಿದಾಗ ತಾಡಪತ್ರಿ ಸುತ್ತಿಟ್ಟುಬಿಡಿ.

ಶೆಡ್ ಎಷ್ಟೇ ಗಟ್ಟಿಯಾದರೂ ಮೇ ತಿಂಗಳ ಗಾಳಿ ಸಿಡಿಲಿಗೆ ದನಗಳಿಗೆ ಒಳ್ಳೆಯ ಜಾಗ ನಿಮ್ಮ ಮನೆಯೇ. ನಮ್ಮ ಹಿರಿಯರು ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಜಾಗ, ಮೇವು ಹಾಕುವ ಗ್ವಾದಲಿ, ಅದರಾಚೆ ಎತ್ತರದಲ್ಲಿ ಪಡಸಾಲೆ ಇಟ್ಟು ಕಟ್ಟಿದ್ದು ಸುಮ್ಮನೆ ಅಲ್ಲ. ಆ ಜಾಗದಲ್ಲಿ ಈಗ ಬೈಕು, ಗೊಬ್ಬರದ ಚೀಲ ಇದ್ದರೆ ತೆರವು ಮಾಡಿ. ಆಕಳು ಹೊಸ ಜಾಗಕ್ಕೆ ಗಾಳಿಯ ಹೊತ್ತಿನಲ್ಲಿ ಒಳಗೆ ಬರುವುದಿಲ್ಲ. ಈಗಿನಿಂದಲೇ ವಾರಕ್ಕೆ ಮೂರು ನಾಲ್ಕು ದಿನ ಸಂಜೆಯ ಹಿಂಡಿ ಅಲ್ಲೇ ಇಡಿ, ಮೇ ಹೊತ್ತಿಗೆ ತಾನೇ ನುಗ್ಗುತ್ತದೆ. ಫರಸಿ ಕಲ್ಲಿನ ನೆಲ ಜಾರುತ್ತದೆ, ಕಣಕಿ (ಜೋಳದ ಒಣ ದಂಟು) ಇಲ್ಲವೇ ಮರಳು ಹರಡಿ.

ಮರದ ವಿಷಯ. ಮರಕ್ಕೆ ಬಡಿದ ಸಿಡಿಲು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಮನುಷ್ಯ ಎರಡು ಪಾದ ಜೋಡಿಸಿ ನಿಲ್ಲಬಹುದು. ಆಕಳ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರಿನಷ್ಟು ಅಂತರ, ಆ ಎರಡು ಬಿಂದುಗಳ ನಡುವಿನ ವಿದ್ಯುತ್ತು ಹೊಟ್ಟೆ, ಎದೆಯ ಮೂಲಕವೇ ಹಾಯುತ್ತದೆ. ಒಂದೇ ಮರದ ಕೆಳಗೆ ನಾಲ್ಕಾರು ದನ ಒಟ್ಟಿಗೆ ಸಾಯುವುದು ಇದರಿಂದ. ತಂತಿ ಬೇಲಿ, ಕಬ್ಬಿಣದ ಕಂಬ, ವಿದ್ಯುತ್ ಕಂಬದ ಸ್ಟೇ ವೈರು ಇವುಗಳಿಗೂ ಕಟ್ಟಬೇಡಿ. ಹೊಲದಲ್ಲಿದ್ದಾಗ ಮನೆ ದೂರವಾದರೆ ಒಂಟಿ ಮರ ಬಿಟ್ಟು ತಗ್ಗಿನ ಬಯಲೇ ಎಷ್ಟೋ ವಾಸಿ, ಆದರೆ ಹಳ್ಳದ ಪಾತ್ರ ಅಲ್ಲ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಾಯಿರಿ, ಆಮೇಲೆ ಹೊರಗೆ ಬಿಡಿ. ಫೋನಿನಲ್ಲಿ ‘ದಾಮಿನಿ’ ಆ್ಯಪ್ ಹಾಕಿಕೊಂಡರೆ ನೀವಿರುವ ಜಾಗದ ಸುತ್ತಮುತ್ತ ಸಿಡಿಲು ಬೀಳುವ ಸಂಭವವನ್ನು ತೋರಿಸುತ್ತದೆ. ಹವಾಮಾನ ಇಲಾಖೆ ಗುಡುಗು ಗಾಳಿಗೆ ಕೊಡುವ ತತ್‌ಕ್ಷಣದ ಎಚ್ಚರಿಕೆ ಮುಂದಿನ ಮೂರು ತಾಸಿಗೆ ಮಾತ್ರ. ಬೆಳಿಗ್ಗೆ ನೋಡಿ ಸುಮ್ಮನಾದರೆ ಪ್ರಯೋಜನ ಇಲ್ಲ, ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ ನೋಡಿ.

ಈಗ ನಾಯಿ. ಗುಡುಗಿಗೆ ಹೆದರಿದ ನಾಯಿಗೆ ಸರಪಳಿ ಬಲು ಅಪಾಯ: ಎಳೆದಾಡಿ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹರಿದುಕೊಂಡು ಓಡುತ್ತದೆ. ಕಟ್ಟದೆ ಕೋಣೆಯಲ್ಲಿ ಬಿಡಿ. ಕೋಣೆಯನ್ನು ನೀವು ಆರಿಸುವುದಕ್ಕಿಂತ, ಗುಡುಗಿದಾಗ ಅದು ತಾನಾಗಿ ಎಲ್ಲಿ ಹೋಗಿ ಮುದುಡುತ್ತದೆ ನೋಡಿ. ಮಂಚದ ಕೆಳಗೆ, ಧಾನ್ಯದ ಚೀಲಗಳ ಸಂದಿ, ಎಲ್ಲೇ ಇರಲಿ, ಅಲ್ಲೇ ಒಂದು ಹಳೆ ಕೌದಿ ಹಾಸಿ. ಕಿಟಕಿಗೆ ಗೋಣಿಚೀಲ ಕಟ್ಟಿದರೆ ಮಿಂಚು ಕಾಣುವುದಿಲ್ಲ. ರೇಡಿಯೋ ಹಚ್ಚಿಡಿ. ಹೊಡೆಯುವುದು, ಗದರುವುದು ಬೇಡ. ಪಕ್ಕದಲ್ಲಿ ಸುಮ್ಮನೆ ಕೂತು ತಲೆ ಸವರಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವುದು ಸುಳ್ಳು.

ಆದರೆ ಮೇ ತಿಂಗಳಲ್ಲಿ ನಮ್ಮ ಹತ್ತಿರ ಹೊರಗೆ 42–43 ಡಿಗ್ರಿ. ಗಾಳಿ ಎದ್ದ ಕೂಡಲೇ ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಹೆದರಿ ತೇಕುವ ನಾಯಿಗೆ ಸಿಡಿಲಿಗಿಂತ ಮೊದಲು ಬಿಸಿಲ ಹೊಡೆತವೇ ತಗುಲಬಹುದು. ಅದಕ್ಕೆ ತಗಡಿನ ಕೋಣೆ ಬೇಡ, ಮಣ್ಣಿನ ಗೋಡೆಯ ತಂಪು ಕೋಣೆಯೇ ಆಗಬೇಕು. ಕುಡಿಯುವ ನೀರು ಇರಲಿ, ನೆಲಕ್ಕೆ ಒದ್ದೆ ಗೋಣಿ ಹಾಸಿ, ಗಾಳಿ ಇಳಿದ ಕೂಡಲೇ ಬಾಗಿಲು ತೆರೆಯಿರಿ. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ. ನಾಲಿಗೆ ಕಡುಗೆಂಪಾಗಿ, ಅಂಟು ಜೊಲ್ಲು ಸುರಿಸಿ ತೂರಾಡಿದರೆ ಮೈಮೇಲೆ ಕೊಡದ ನೀರು ಸುರಿದು ಬೀಸಣಿಗೆ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆ ಕೊಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಮನುಷ್ಯರ ನಿದ್ದೆ ಮಾತ್ರೆ ಖಂಡಿತ ಬೇಡ. ಕೆಲವು ಔಷಧಗಳು ನಾಯಿಯ ಕೈಕಾಲು ಮಾತ್ರ ಕಟ್ಟುತ್ತವೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ, ನೋಡುವವರಿಗೆ ಮಲಗಿದಂತೆ ಕಾಣುತ್ತದೆ. ಹೆದರಿಕೆ ತಗ್ಗಿಸುವ ಔಷಧ ಬೇರೆ ಇವೆ, ತೂಕ ನೋಡಿ ವೈದ್ಯರೇ ಬರೆಯಬೇಕು, ಮೊದಲ ಸಲ ಗಾಳಿ ಇಲ್ಲದ ದಿನ ಕೊಟ್ಟು ನೋಡಬೇಕು. ಬೆಕ್ಕಿಗೆ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ವಿಷ.

ಓಡಿಹೋಗುವ ನಾಯಿಗೆ ಕೊರಳಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಅದರ ಮೇಲೆ ಅಳಿಸದ ಶಾಯಿಯಲ್ಲಿ ಫೋನ್ ನಂಬರ್ ಬರೆಯಿರಿ. ಕಳೆದರೆ ಹುಡುಕುವುದು ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ, ಊರು ಸದ್ದಡಗಿದಾಗ. ಕಂಡ ಕೂಡಲೇ ಬೆನ್ನಟ್ಟಬೇಡಿ, ಇನ್ನೂ ದೂರ ಓಡುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಪಕ್ಕಕ್ಕೆ ಮುಖ ತಿರುಗಿಸಿ ರೊಟ್ಟಿ ಚೂರು ಹಾಕಿ ಕರೆಯಿರಿ.

ಬೆಕ್ಕನ್ನು ಹಿಡಿಯುವುದೇ ಕಷ್ಟ, ಹಿಡಿದ ಮೇಲೆ ಒಯ್ಯುವುದು ಇನ್ನೂ ಕಷ್ಟ. ಬುಟ್ಟಿ ಕೊಳ್ಳಬೇಕಿಲ್ಲ. ಮಾರುಕಟ್ಟೆಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಎರಡು ತನ್ನಿ. ಒಂದರ ಮೇಲೊಂದು ಬೋರಲು ಹಾಕಿ ಮೂರು ಮಗ್ಗುಲು ತಂತಿಯಿಂದ ಹೊಲಿದು, ನಾಲ್ಕನೆಯದನ್ನು ಕೊಕ್ಕೆ ಹಾಕಿ ಬಿಚ್ಚುವಂತೆ ಮಾಡಿ. ಗಾಳಿಯಾಡುತ್ತದೆ, ಬೈಕಿನ ಹಿಂದೆಯೂ ಕಟ್ಟಬಹುದು. ಇದನ್ನು ಗಾಳಿ ಬಂದ ದಿನ ಹೊರಗೆ ತೆಗೆದರೆ ಬೆಕ್ಕು ಅಟ್ಟ ಹತ್ತುತ್ತದೆ. ಒಂದು ತಿಂಗಳು ಮೊದಲೇ ಬಾಯಿ ತೆರೆದು ಮೂಲೆಯಲ್ಲಿಟ್ಟು ಹಾಲು, ಅನ್ನ ಅದರೊಳಗೇ ಹಾಕಿ.

ಮನೆಯ ಮಟ್ಟಿಗೆ ನಮ್ಮ ಕಡೆಯ ದೊಡ್ಡ ಅಪಾಯ ಕಿಟಕಿಯ ಕೂಲರು. ತಗಡಿನ ಮೈ, ಒಳಗೆ ನೀರು, ಹೊರಗೆ ಮಳೆ. ಮೋಡ ಕಂಡ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಒದ್ದೆ ನಾಯಿ ಕೂಲರಿನ ಕಾಲಿಗೆ ಉಜ್ಜಿದರೂ ಸಾಕು. ಮೀಟರ್ ಪಕ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್) ಹಾಕಿಸಿಕೊಳ್ಳಿ. ಜೊತೆಗೆ ಅರ್ಥಿಂಗೂ ಸರಿ ಇರಬೇಕು. ತುಂಡಾಗಿ ಬಿದ್ದ ತಂತಿ ಕಂಡರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ದನ ನಾಯಿಗಳನ್ನು ಆ ಬೀದಿಗೆ ಬಿಡಬೇಡಿ. ಮೇಲಿನ ಪ್ಲಾಸ್ಟಿಕ್ ಟಾಕಿ ಖಾಲಿ ಇದ್ದರೆ ಹಾರುತ್ತದೆ, ತುಂಬಿಸಿಡಿ. ಗಾಳಿಯ ಮರುದಿನ ಕುಡಿಯಲು, ದನಕ್ಕೆ ಅದೇ ನೀರು: ಆಕಳಿಗೆ ದಿನಕ್ಕೆ 50–60 ಲೀಟರ್, ಆಡಿಗೆ 5, ಹತ್ತು ಕೆಜಿ ನಾಯಿಗೆ ಬಿಸಿಲಲ್ಲಿ ಒಂದು ಲೀಟರಿನ ಮೇಲೆ, ಮನುಷ್ಯರಿಗೆ ಕುಡಿಯಲು ತಲಾ 4 ಲೀಟರ್. ಕರೆಂಟು ಮೂರು ದಿನ ಬರದಿದ್ದರೆ ಬೋರು ಓಡುವುದಿಲ್ಲ ಎಂದು ಲೆಕ್ಕ ಹಾಕಿ.

ಇನ್ನು ಹಸ್ತಿ ಮಳೆ. ಇಲ್ಲಿ ಮೇ ತಿಂಗಳಲ್ಲಿ ಕಾಪಾಡಿದ ಮನೆಯನ್ನೇ ಅನುಮಾನದಿಂದ ನೋಡಬೇಕು. ಮೇಲ್ಮುದ್ದಿ ಅರ್ಧ ಅಡಿ ದಪ್ಪ ಇದ್ದರೆ ಒಣಗಿದಾಗಲೇ ಚದರ ಮೀಟರಿಗೆ 240 ಕೆಜಿ ಆಸುಪಾಸು. ಮೂರು ದಿನ ನೆನೆದರೆ ಇನ್ನೂ 50 ಕೆಜಿ ಸೇರುತ್ತದೆ. ಹತ್ತಡಿ ಚೌಕದ ಕೋಣೆಯ ಮೇಲೆ ಅರ್ಧ ಟನ್ನು ಹೆಚ್ಚುವರಿ ಭಾರ ಎಂದಾಯಿತು, ಅದೂ ಗೋಡೆಯ ಬುಡ ನೆನೆದು ಮೆತ್ತಗಾದಾಗ. ಸೋರದಿರಲಿ ಎಂದು ವರ್ಷಾವರ್ಷ ಸವಳು ಮಣ್ಣು ಹೇರುತ್ತಾರೆ, ಹಳೆಯದನ್ನು ಯಾರೂ ಕೆರೆಯುವುದಿಲ್ಲ. ಈ ಬೇಸಿಗೆಯಲ್ಲಿ ಎಷ್ಟು ಹೊಸದು ಹಾಕುತ್ತೀರೋ ಅಷ್ಟು ಹಳೆಯದನ್ನು ಕೆರೆದು ಇಳಿಸಿ, ನೀರು ಹೋಗುವ ದೋಣಿ ಬಿಡಿಸಿ. ಮಳೆಯಲ್ಲಿ ತೊಲೆ ಬಾಗಿದ್ದು, ಗೋಡೆ ಹೊಟ್ಟೆ ಬಿಟ್ಟಿದ್ದು, ಮೂಲೆಯಲ್ಲಿ ಹೊಸ ಬಿರುಕು, ಒಣ ಮಣ್ಣು ಉದುರುವುದು ಕಂಡರೆ ಆ ರಾತ್ರಿ ಅಲ್ಲಿ ಮಕ್ಕಳೂ ಮಲಗಬಾರದು, ದನವನ್ನೂ ಕಟ್ಟಬಾರದು.

ಕಾಗಿಣಾದ ಒಂದು ಸ್ವಭಾವ ನೆನಪಿಡಿ. ಅದು ಬರುವುದು ತೆಲಂಗಾಣದ ವಿಕಾರಾಬಾದ್ ಗುಡ್ಡಗಳಿಂದ, ತಾಂಡೂರಿನ ಮೇಲೆ ಹಾಯ್ದು. ಅತ್ತ ಸುರಿದರೆ ನಿಮ್ಮ ಊರಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಅದು ಹೋಗಿ ಸೇರುವ ಭೀಮೆ ತುಂಬಿ ಹರಿಯುವಾಗ ಕಾಗಿಣಾದ ನೀರು ಮುಂದೆ ಸಾಗದೆ ಹಿಂದಕ್ಕೆ ಒತ್ತುತ್ತದೆ. ಹಾಗಾಗಿ ಸೇಡಂ, ತಾಂಡೂರು ಬದಿಯ ಮಳೆ ಸುದ್ದಿಯನ್ನೂ, ಮೇಲೆ ಮಹಾರಾಷ್ಟ್ರದಲ್ಲಿರುವ ಉಜನಿ ಅಣೆಕಟ್ಟೆಯಿಂದ ಭೀಮೆಗೆ ಬಿಡುವ ನೀರಿನ ಸುದ್ದಿಯನ್ನೂ ಎರಡನ್ನೂ ಕೇಳಿ. ಹವಾಮಾನ ಇಲಾಖೆ ‘ಅತಿ ಭಾರಿ ಮಳೆ’ ಎಂದರೆ 24 ತಾಸಿನಲ್ಲಿ 115.6 ಮಿಲಿಮೀಟರ್ ಮತ್ತು ಮೇಲೆ. ಆ ಮಾತು ಬಂದ ಸಂಜೆಯೇ, ಬೆಳಕಿರುವಾಗ ದನ ಹೊರಡಿಸಿ.

ಎಲ್ಲಿಗೆ ಎಂಬುದನ್ನು ಒಣ ದಿನದಲ್ಲೇ ನಡೆದು ನಿಶ್ಚಯಿಸಿ. ಎತ್ತರದ ಶಾಲೆಯ ಬಯಲು, ಗುಡಿಯ ಕಟ್ಟೆ, ನೆಂಟರ ಹೊಲದ ಮನೆ ಯಾವುದಾದರೂ ಸರಿ, ದಾರಿಯಲ್ಲಿ ಹಳ್ಳ, ಕೆಳಸೇತುವೆ ಇರಬಾರದು. ಹರಿಯುವ ನೀರು ಮೊಣಕಾಲಿಗಿಂತ ಕೆಳಗಿದ್ದರೂ ಆಳನ್ನು ಕೆಡವುತ್ತದೆ. ಆಡುಗಳು ನೀರಿಗೆ ಕಾಲಿಡುವುದಿಲ್ಲ, ಮುಂದಾಳು ಆಡನ್ನು ನೀವು ಹಿಡಿದು ನಡೆಸಿದರೆ ಉಳಿದವು ಹಿಂದೆ ಬರುತ್ತವೆ. ಅವುಗಳಿಗೆ ನೆಲದಿಂದ ಎರಡು ಅಡಿ ಎತ್ತರದ ಅಟ್ಟ ಮತ್ತು ಒಣ ಮೈ ಬೇಕು. ಎರಡು ದಿನ ನೆನೆದರೆ ಕೆಮ್ಮು, ಆಮೇಲೆ ನ್ಯುಮೋನಿಯಾ ತಗುಲಬಹುದು.

ನೀರು ಏಕಾಏಕಿ ಬಂದು ಹೊರಡಿಸಲು ಆಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಆಕಳು ಈಜುತ್ತದೆ. ಪ್ರವಾಹದಲ್ಲಿ ದನವನ್ನು ಮುಳುಗಿಸುವುದು ಬಹಳ ಸಲ ಗೂಟಕ್ಕೆ ಕಟ್ಟಿದ ಹಗ್ಗವೇ. ಉದ್ದ ಹಗ್ಗ ಕೊರಳಲ್ಲಿ ಜೋತಾಡುವಂತೆ ಬಿಡಬೇಡಿ, ಜಾಲಿ ಕಂಟಿಗೆ ಸಿಕ್ಕಿ ಅಲ್ಲೇ ಮುಳುಗುತ್ತದೆ. ಜೂನಿನಿಂದ ಅಕ್ಟೋಬರ್ ತನಕ ಕಟ್ಟುವ ಗಂಟು ಒಂದು ತುದಿ ಎಳೆದರೆ ಬಿಚ್ಚುವ ಸರಗಂಟೇ ಆಗಿರಲಿ, ಮನೆಯ ಹುಡುಗರೂ ಕತ್ತಲಲ್ಲಿ ಬಿಚ್ಚಲು ಕಲಿಯಲಿ. ನೆನೆದ ನಾರಿನ ಗಂಟು ಕೈಗೆ ಬಗ್ಗುವುದಿಲ್ಲ, ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕುಡಗೋಲು ನೇತುಹಾಕಿ.

ಮೇವು: ಕಣಕಿಯ ಬಣವಿಯ ಕೆಳಗೆ ಒಂದೂವರೆ ಅಡಿ ಕಲ್ಲಿನ ಪೀಠ ಬೇಕು. ಐದು ದಿನಕ್ಕೆ ಆಕಳಿಗೆ 35–40 ಕೆಜಿ ಒಣ ಮೇವು, ತೊಗರಿ ಹೊಟ್ಟು ಒಂದು ಚೀಲ ಬೇರೆಯಾಗಿ ಎತ್ತರದಲ್ಲಿಡಿ. ಬೂಸ್ಟು ಹಿಡಿದ ಮೇವನ್ನು ತೊಳೆದು ಒಣಗಿಸಿದರೂ ವಿಷ ಹೋಗುವುದಿಲ್ಲ.

ಲಸಿಕೆಯನ್ನು ಮಳೆ ಬಂದ ಮೇಲೆ ಹಾಕಿಸಿದರೆ ತಡವಾಯಿತು, ಮೈಯಲ್ಲಿ ಶಕ್ತಿ ಕೂಡಲು ಎರಡು ಮೂರು ವಾರ ಬೇಕು. ಗಳಲೆ ರೋಗ ಮತ್ತು ಚಪ್ಪೆ ರೋಗಕ್ಕೆ ಆಕಳು, ಕರುವಿಗೆ ಮೇ ತಿಂಗಳಲ್ಲೇ, ಆಡುಗಳಿಗೆ ಕರುಳುಬೇನೆಯದು. ನಾಯಿಗೆ ರೇಬೀಸ್ ಜೊತೆಗೆ ಇಲಿಜ್ವರದ ಅಂಶ ಇರುವ ಲಸಿಕೆ ಕೇಳಿ ಹಾಕಿಸಿ, ಮೊದಲ ಸಲವಾದರೆ ಎರಡು ಡೋಸು. ನಿಂತ ನೀರಲ್ಲಿ ಇಲಿಯ ಮೂತ್ರ ಸೇರಿ ಬರುವ ಆ ರೋಗ ನಾಯಿಯಿಂದ ನಿಮಗೂ ಬರುತ್ತದೆ.

ಗಾಳಿ, ಮಳೆ ನಿಂತ ಮೇಲಿನ ಎರಡು ಸಾವುಗಳನ್ನು ಜನ ಸಿಡಿಲಿನ ಲೆಕ್ಕಕ್ಕೆ ಹಾಕುತ್ತಾರೆ. ಕೊಯ್ದ ಜೋಳದ ಹೊಲದಲ್ಲಿ ಮೇ ಮಳೆಗೆ ಕೂಳೆ ಚಿಗುರುತ್ತದೆ. ಹಸಿರು ಕಾಣದೆ ಹಸಿದ ಆಕಳು ಅದನ್ನು ಮೇಯ್ದರೆ ಸಯನೈಡ್ ವಿಷ ಏರಿ, ಉಸಿರು ಎಳೆದೆಳೆದು ಕೆಲ ನಿಮಿಷಗಳಲ್ಲೇ ಬೀಳಬಹುದು. ಕಣ್ಣಿನ ಒಳಪೊರೆ ಹೊಳೆಯುವ ಕೆಂಪಾಗಿರುತ್ತದೆ. ಇದಕ್ಕೆ ಮದ್ದು ಇದೆ, ಆದರೆ ಬೇಗ ಸಿಗಬೇಕು: ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ‘ಜೋಳದ ಚಿಗುರು ತಿಂದಿದೆ’ ಎಂದೇ ಹೇಳಿ. ಎರಡನೆಯದು ಆಂಥ್ರಾಕ್ಸ್. ಸತ್ತ ದನದ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಚರ್ಮ ಸುಲಿಯಬೇಡಿ, ಕೊಯ್ಯಲೂಬೇಡಿ, ಮುಟ್ಟದೆ ವೈದ್ಯರನ್ನು ಕರೆಯಿರಿ.

ಕಾಗದಪತ್ರದ ಮಾತು ಕೊನೆಗೆ. ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಕಾಣುವಂತೆ ಆಕಳ ಫೋಟೋ, ನೀವು ಜೊತೆಗೆ ನಿಂತ ಇನ್ನೊಂದು ಫೋಟೋ ಫೋನಿನಲ್ಲಿ ಇಟ್ಟು, ಬೇರೆ ಊರಿನ ನೆಂಟರಿಗೂ ಕಳಿಸಿಡಿ. ಪ್ರವಾಹ, ಆಣೆಕಲ್ಲಿಗೆ ಸತ್ತರೆ 2022–26ರ ಕೇಂದ್ರದ ಮಾನದಂಡದಂತೆ ಹಾಲಿನ ಆಕಳಿಗೆ 37,500, ಎತ್ತಿಗೆ 32,000, ಕರುವಿಗೆ 20,000, ಆಡಿಗೆ 4,000 ರೂಪಾಯಿ ಇತ್ತು. ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ ಮತ್ತು ಪಶುವೈದ್ಯರ ಮರಣೋತ್ತರ ವರದಿ ಬೇಕಾಗುತ್ತದೆ. ವಾಸನೆ ಬರುತ್ತದೆಂದು ಅದಕ್ಕೆ ಮುಂಚೆ ಹೂತುಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ತಾಡಪತ್ರಿ ಹೊದಿಸಿ, ನಾಯಿಗಳು ಬಾರದಂತೆ ಮುಳ್ಳು ಹಾಕಿ ಕಾಯಿರಿ.